ಸೂಡಾನ್ ಕಮ್ಯುನಿಸ್ಟ್ ಪಕ್ಷದ ಚರಿತ್ರೆ ಓದಬೇಕೆ? ಅತ್ಬರಾದ ರೈಲು ಶೆಡ್ಡಿನಿಂದ ಶುರು ಮಾಡಿ

ಅರಬ್ ದೇಶಗಳ ಕಮ್ಯುನಿಸ್ಟ್ ಪಕ್ಷಗಳ ಬಗ್ಗೆ ಓದೋಣ ಅಂತ ಬಾಗಲಕೋಟೆ, ಜಮಖಂಡಿ, ವಿಜಯಪುರ ಕಡೆಯ ಓದುಗರ ಬಳಗದಲ್ಲಿ ಯಾರಾದರೂ ಹೇಳಿದರೆ ಮೊದಲು ಬರುವ ಪ್ರಶ್ನೆ ಒಂದೇ. ಅಲ್ಲೂ ಕಮ್ಯುನಿಸ್ಟರು ಇದ್ದರಾ? ಇದ್ದರು, ಈಗಲೂ ಇದ್ದಾರೆ. ಇರಾಕ್‌ನಲ್ಲಿ 1934ರಿಂದ, ಸೂಡಾನ್‌ನಲ್ಲಿ 1946ರಿಂದ. ಒಂದು ಕಾಲಕ್ಕೆ ಈ ಎರಡೂ ಅರಬ್ ಜಗತ್ತಿನ ಅತಿ ಬಲವಾದ ಕಮ್ಯುನಿಸ್ಟ್ ಪಕ್ಷಗಳಾಗಿದ್ದವು.

ನಾನು ಇಲ್ಲಿ ಸೂಡಾನ್ ಪಕ್ಷವನ್ನು ಹಿಡಿದುಕೊಂಡಿದ್ದೇನೆ. ಯಾಕಂದರೆ ಅದರ ಕಥೆಯಲ್ಲಿ ರೈಲು, ಹತ್ತಿ, ಕಾಲುವೆ, ಮುಳುಗಡೆ ಎಲ್ಲ ಇವೆ, ಮತ್ತು ಇವುಗಳನ್ನು ನಮ್ಮ ಜಿಲ್ಲೆಗಳ ಜನಕ್ಕೆ ಬಿಡಿಸಿ ಹೇಳುವ ಕೆಲಸ ಇರುವುದಿಲ್ಲ. ನಾಲ್ಕೈದು ಸಂಜೆ ಕೂತು ಈ ಚರಿತ್ರೆಯನ್ನು ಒಂದು ಬಳಗ ಹೇಗೆ ಓದಬಹುದು, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ ಅನ್ನುವುದನ್ನು ಬರೆಯುತ್ತಿದ್ದೇನೆ. ಒಬ್ಬರೇ ಓದುವವರಿಗೂ ಇದೇ ದಾರಿ ಸರಿಹೋಗುತ್ತದೆ.

ಮೊದಲ ಮಾತು: 1971ರಿಂದ ಶುರು ಮಾಡಬೇಡಿ. ಸೂಡಾನ್ ಕಮ್ಯುನಿಸ್ಟರ ಬಗ್ಗೆ ಎಲ್ಲಿ ಹುಡುಕಿದರೂ ಮೊದಲು ಸಿಗುವುದು ಆ ವರ್ಷದ ಜುಲೈ ತಿಂಗಳು. ಮೂರು ದಿನದ ಸೇನಾ ದಂಗೆ, ಆಮೇಲೆ ಗಲ್ಲು. ಅಲ್ಲಿಂದ ಹೊರಟರೆ ಇಡೀ ಪಕ್ಷ ಒಂದು ವಿಫಲ ಸಂಚಿನ ಹಾಗೆ ಕಾಣುತ್ತದೆ. ಅದಕ್ಕೂ ಮುಂಚಿನ 25 ವರ್ಷ ರೈಲ್ವೆ ಕಾರ್ಮಿಕರು, ಹತ್ತಿ ಬೆಳೆಗಾರರು, ಶಿಕ್ಷಕರು, ಹೆಣ್ಣುಮಕ್ಕಳು ಕಟ್ಟಿದ್ದೆಲ್ಲ ಮರೆಯಾಗುತ್ತದೆ. ಇದು ಆ ಜನಕ್ಕೆ ಮಾಡುವ ಅನ್ಯಾಯ, ಮತ್ತು ಈ ಬರಹಕ್ಕೆ ಕೂತಿದ್ದೇ ಆ ಕಾರಣಕ್ಕೆ.

ಮೊದಲ ಸಂಜೆ: ಗೋಡೆಗೆ ಒಂದು ನಕ್ಷೆ

ದೊಡ್ಡ ಹಾಳೆಯ ಮೇಲೆ ಕೈಯಲ್ಲೇ ನಕ್ಷೆ ಬರೆಯಿರಿ. ಚಂದ ಇರಬೇಕಾಗಿಲ್ಲ. ದಕ್ಷಿಣದಿಂದ ಬಿಳಿ ನೈಲ್, ಆಗ್ನೇಯದಿಂದ ನೀಲಿ ನೈಲ್, ಎರಡೂ ರಾಜಧಾನಿ ಖಾರ್ಟೂಮ್‌ನಲ್ಲಿ ಕೂಡುತ್ತವೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಅತ್ಬರಾ. ಇನ್ನೂ ಉತ್ತರಕ್ಕೆ, ಈಜಿಪ್ಟ್ ಗಡಿಯಲ್ಲಿ ವಾದಿ ಹಲ್ಫಾ. ಎರಡು ನೈಲ್‌ಗಳ ನಡುವೆ ಗೆಜಿರಾ ಬಯಲು. ಈ ನಾಲ್ಕು ಜಾಗ ಗೊತ್ತಾದರೆ ಅರ್ಧ ಚರಿತ್ರೆ ಅರ್ಥವಾದ ಹಾಗೆ.

ಅತ್ಬರಾದಿಂದ ಶುರು ಮಾಡಿ. ಸೂಡಾನನ್ನು ಗೆಲ್ಲಲು ಬಂದ ಬ್ರಿಟಿಷ್ ಸೇನಾಪತಿ ಕಿಚನರ್ ತನ್ನ ಸೈನ್ಯಕ್ಕಾಗಿ 1897-98ರಲ್ಲಿ ಮರುಭೂಮಿಯ ಮೇಲೆ ರೈಲು ಹಳಿ ಹಾಕಿಸಿದ. 1898ರಲ್ಲಿ, ಆಗ ಸೂಡಾನನ್ನು ಆಳುತ್ತಿದ್ದ ಮಹದಿ ಪಂಥದವರ ರಾಜಧಾನಿ ಒಮ್ಡುರ್ಮನ್ ಬಿತ್ತು. 1899ರ ಒಪ್ಪಂದದಿಂದ ಸೂಡಾನ್ ಹೆಸರಿಗೆ ಬ್ರಿಟನ್ ಮತ್ತು ಈಜಿಪ್ಟ್ ಇಬ್ಬರದೂ ಆಯಿತು, ಆಡಳಿತ ಮಾತ್ರ ಬ್ರಿಟಿಷರದ್ದೇ. ಯುದ್ಧಕ್ಕೆ ಬಂದ ರೈಲು ಆಮೇಲೆ ಹತ್ತಿ ಸಾಗಿಸಲು ನಿಂತಿತು. ಅದರ ಕೇಂದ್ರ ಕಚೇರಿ, ವರ್ಕ್‌ಶಾಪ್, ಲೋಕೊ ಶೆಡ್ ಎಲ್ಲ ಅತ್ಬರಾದಲ್ಲಿ. ಊರಿಗೆ ಊರೇ ರೈಲ್ವೆ ನೌಕರರದ್ದು. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದರೆ ಆ ಸಂಜೆಗೆ ಕರೆಯಿರಿ. ಒಂದೇ ಕಡೆ ಸಾವಿರಾರು ಜನ ಒಂದೇ ಸೈರನ್‌ಗೆ ಕೆಲಸ ಶುರು ಮಾಡಿ ಒಂದೇ ಸೈರನ್‌ಗೆ ಬಿಡುವ ಊರಿನಲ್ಲಿ ಯೂನಿಯನ್ ಯಾಕೆ ಬೇಗ ಹುಟ್ಟುತ್ತದೆ ಅನ್ನುವುದನ್ನು ಅವರು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತಾರೆ.

ಎರಡನೇ ಮಹಾಯುದ್ಧವನ್ನು ಇಲ್ಲೇ ತನ್ನಿ. ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೈನಿಕರು 1941ರಲ್ಲಿ ಎರಿಟ್ರಿಯಾದ ಕೆರೆನ್‌ನಲ್ಲಿ ಇಟಲಿಯವರ ವಿರುದ್ಧ ಕಾದಾಡಿದರು. ಭಾರತದ ಪಡೆಗಳು ಅಲ್ಲಿಗೆ ಹೋಗಿದ್ದು ಸೂಡಾನ್ ಕಡೆಯಿಂದಲೇ. ಆ ಯುದ್ಧದ ಸಾಮಾನು ಹೊತ್ತಿದ್ದು ಅತ್ಬರಾದ ರೈಲುಗಳು. ಯುದ್ಧಕಾಲದಲ್ಲಿ ಸಾಮಾನಿನ ಬೆಲೆ ಏರಿತು, ಕೂಲಿ ಅದರ ಜೊತೆ ಏರಲಿಲ್ಲ. ಸಿಟ್ಟು ಅಲ್ಲಿ ಹುಟ್ಟಿತು.

1946ರಲ್ಲಿ ಎರಡು ಸಂಗತಿ ನಡೆದವು. ಇವೆರಡನ್ನು ಬೇರೆ ಬೇರೆಯಾಗಿಯೇ ಬರೆದುಕೊಳ್ಳಿ, ಯಾಕಂದರೆ ಜಾಸ್ತಿ ಜನ ಇಲ್ಲೇ ಕಲಸಿಬಿಡುತ್ತಾರೆ. ಒಂದು: ಅತ್ಬರಾದ ಕಾರ್ಮಿಕರು ತಮ್ಮ ಸಂಘ ಕಟ್ಟಿಕೊಂಡರು. ಎರಡು: ಸೂಡಾನ್ ರಾಷ್ಟ್ರೀಯ ವಿಮೋಚನಾ ಚಳವಳಿ ಅನ್ನುವ ಹೆಸರಿನಲ್ಲಿ ಕಮ್ಯುನಿಸ್ಟ್ ಗುಂಪು ಹುಟ್ಟಿತು. ಇದರಲ್ಲಿ ಕೈರೋದಲ್ಲಿ ಓದುತ್ತಿದ್ದಾಗ ಹೆನ್ರಿ ಕ್ಯೂರಿಯಲ್ ಮುಂತಾದ ಈಜಿಪ್ಟ್ ಕಮ್ಯುನಿಸ್ಟರ ಸಂಪರ್ಕಕ್ಕೆ ಬಂದ ಹುಡುಗರು ಹಲವರು. ಕಾರ್ಮಿಕ ಸಂಘವನ್ನು ಪಕ್ಷ ಹುಟ್ಟಿಸಲಿಲ್ಲ. ಸಂಘದ ಮುಖಂಡರಲ್ಲಿ ಎಲ್ಲರೂ ಕಮ್ಯುನಿಸ್ಟರೂ ಅಲ್ಲ. ಪಕ್ಷದವರು ಆ ಸಂಘದೊಳಗೆ ಹೋಗಿ ಕೆಲಸ ಮಾಡಿದರು, ಕಾಸಿಮ್ ಅಮೀನ್ ಅಂಥ ಕಾರ್ಮಿಕರು ಎರಡೂ ಕಡೆ ಇದ್ದರು, ಹಾಗಾಗಿ ಪಕ್ಷ ಬರೀ ಓದಿದವರ ಗುಂಪಾಗಿ ಉಳಿಯಲಿಲ್ಲ. ನನ್ನ ಲೆಕ್ಕದಲ್ಲಿ ಈ ಪಕ್ಷದ ಬೇರು ಇರುವುದು ಇಲ್ಲಿ.

1947ರ ಜುಲೈನಲ್ಲಿ ಮಾನ್ಯತೆ ಕೇಳಿ ಕಾರ್ಮಿಕರು ಮೆರವಣಿಗೆ ಹೊರಟರು. ಮುಖಂಡರ ಬಂಧನವಾಯಿತು, ಮುಷ್ಕರ ಶುರುವಾಯಿತು, ಕೊನೆಗೆ ಸರ್ಕಾರ ಬಗ್ಗಿತು. 1948ರಲ್ಲಿ ಸಂಬಳಕ್ಕಾಗಿ ಮತ್ತೆ ಮುಷ್ಕರ, ಈ ಸಲ ಒಂದು ತಿಂಗಳಿಗೂ ಜಾಸ್ತಿ. ರೈಲು ನಿಂತರೆ ಹತ್ತಿ ಬಂದರಿಗೆ ಹೋಗುವುದಿಲ್ಲ, ಹತ್ತಿ ಹೋಗದಿದ್ದರೆ ಸರ್ಕಾರದ ಖಜಾನೆಗೆ ದುಡ್ಡಿಲ್ಲ. ಸಣ್ಣ ಸಂಘಕ್ಕೆ ಅಷ್ಟು ಬಲ ಬಂದದ್ದು ಇದರಿಂದ.

ಎರಡನೇ ಸಂಜೆ ಎರೆ ಮಣ್ಣಿನದು

ಗೆಜಿರಾದ ಮಣ್ಣು ಕಪ್ಪು ಜಿಗುಟು ಮಣ್ಣು, ನಮ್ಮ ಎರೆ ಭೂಮಿಯ ಜಾತಿಯದೇ. 1925ರಲ್ಲಿ ನೀಲಿ ನೈಲ್‌ಗೆ ಸೆನ್ನಾರ್ ಅಣೆಕಟ್ಟು ಕಟ್ಟಿ ಕಾಲುವೆ ಬಿಟ್ಟರು. ಲಂಕಾಶೈರ್ ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿ ಅಲ್ಲಿ ಬೆಳೆಯಬೇಕಿತ್ತು. ಭೂಮಿಯನ್ನು ಸರ್ಕಾರ ಹಿಡಿತಕ್ಕೆ ತಗೊಂಡಿತು, ಉಸ್ತುವಾರಿ ಒಂದು ಬ್ರಿಟಿಷ್ ಕಂಪನಿಗೆ, ದುಡಿಮೆ ಗೇಣಿದಾರರದ್ದು. ಹತ್ತಿಯ ಲಾಭದಲ್ಲಿ ಗೇಣಿದಾರನ ಪಾಲು 40%. ಉಳಿದದ್ದು ಸರ್ಕಾರ ಮತ್ತು ಕಂಪನಿಗೆ. ಹತ್ತಿ ಯಾವಾಗ ಬಿತ್ತಬೇಕು, ಎಷ್ಟು ಬಿತ್ತಬೇಕು ಅನ್ನುವುದನ್ನು ಇನ್‌ಸ್ಪೆಕ್ಟರ್ ಹೇಳುತ್ತಿದ್ದ.

ಇಲ್ಲಿ ನಿಲ್ಲಿಸಿ ಕೂತವರನ್ನು ಕೇಳಿ: ಲೆಕ್ಕದ ಪುಸ್ತಕ ಯಾರ ಕೈಯಲ್ಲಿ? ಪಾಲಿಗೆ ಹೊಲ ಮಾಡಿದವರು ತಕ್ಷಣ ಉತ್ತರ ಹೇಳುತ್ತಾರೆ. ಗೆಜಿರಾದಲ್ಲೂ ಜಗಳ ಅದರ ಮೇಲೇ ಬಂತು. ಬೆಲೆ ಬಿದ್ದ ವರ್ಷಕ್ಕೆ ಅಂತ ಕಂಪನಿ ಮತ್ತು ಸರ್ಕಾರ ಕೂಡಿಟ್ಟ ನಿಧಿ ನಮ್ಮ ದುಡ್ಡು, ಅದನ್ನು ಕೊಡಿ ಅಂತ 1946ರಲ್ಲಿ ಗೇಣಿದಾರರು ಹತ್ತಿ ಬಿತ್ತನೆಯನ್ನೇ ನಿಲ್ಲಿಸಿದರು. 1950ರಲ್ಲಿ ಕಂಪನಿಯ ಗುತ್ತಿಗೆ ಮುಗಿದು ಯೋಜನೆ ಸರ್ಕಾರಿ ಮಂಡಳಿಗೆ ಬಂತು. 1953-54ರ ಹೊತ್ತಿಗೆ ಗೇಣಿದಾರರ ಯೂನಿಯನ್ ಗಟ್ಟಿಯಾಯಿತು. ಅದರ ಮುಖಂಡ ಶೇಖ್ ಅಲ್-ಅಮೀನ್ ಮುಹಮ್ಮದ್ ಅಲ್-ಅಮೀನ್ ಕಮ್ಯುನಿಸ್ಟ್ ಆಗಿದ್ದರು. ಸೇನಾ ಸರ್ಕಾರವನ್ನು ಬೀಳಿಸಿದ 1964ರ ಕ್ರಾಂತಿಯ ನಂತರ (ಅದು ಮೂರನೇ ಸಂಜೆಗೆ ಬರುತ್ತದೆ) ಅವರು ಮಂತ್ರಿಯೂ ಆದರು.

ಸ್ವಾತಂತ್ರ್ಯ ಬಂದ ಮೇಲೆ ಎಲ್ಲ ಸರಿಹೋಯಿತು ಅಂದುಕೊಳ್ಳುವವರಿಗೆ ಜೋಡಾ ಘಟನೆ ಹೇಳಿ. ಸೂಡಾನ್ ಸ್ವತಂತ್ರವಾದದ್ದು 1956ರ ಜನವರಿ 1ರಂದು. ಮರುತಿಂಗಳೇ, ಬಿಳಿ ನೈಲ್ ದಂಡೆಯ ಜೋಡಾ ಎಂಬಲ್ಲಿ ಖಾಸಗಿ ಹತ್ತಿ ಯೋಜನೆಯ ರೈತರು ತಮ್ಮ ಬಾಕಿ ಕೇಳಿದ್ದಕ್ಕೆ ಪೊಲೀಸರು ಅವರನ್ನು ಹಿಡಿದು ಕೋಸ್ತಿಯಲ್ಲಿ ಒಂದು ಮುಚ್ಚಿದ ಕೋಣೆಗೆ ತುಂಬಿದರು. ಉಸಿರುಗಟ್ಟಿ ಸುಮಾರು 190 ಜನ ಸತ್ತರು. ಇದನ್ನು ಓದಿ ಮುಗಿಸಿದ ಮೇಲೆ ತಕ್ಷಣ ಮುಂದಿನ ವಿಷಯಕ್ಕೆ ಹೋಗಬೇಡಿ. ಜನ ಮಾತಾಡಲಿ.

ಇದೇ ಸಂಜೆ, ಸಮಯ ಇದ್ದರೆ, ವಾದಿ ಹಲ್ಫಾ. ಈಜಿಪ್ಟ್ ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಲು ಹೊರಟಾಗ ಸೂಡಾನ್‌ನ ಸೇನಾ ಸರ್ಕಾರ (1958ರಲ್ಲಿ ಅಧಿಕಾರ ಹಿಡಿದಿತ್ತು) 1959ರಲ್ಲಿ ನೈಲ್ ನೀರಿನ ಒಪ್ಪಂದಕ್ಕೆ ಸಹಿ ಹಾಕಿತು. ಹಲ್ಫಾ ಮುಳುಗಡೆ ಆಗುವುದು ಖಾತ್ರಿಯಾಯಿತು. ಸುಮಾರು 50,000 ನುಬಿಯನ್ ಜನರನ್ನು ನೂರಾರು ಕಿಲೋಮೀಟರ್ ದೂರದ ಖಶ್ಮ್ ಅಲ್-ಗಿರ್ಬಾಗೆ ಸಾಗಿಸಿದರು. 1960ರಲ್ಲಿ ಹಲ್ಫಾದಲ್ಲಿ ಪ್ರತಿಭಟನೆ ಎದ್ದಿತು, ಅದರ ಬೆಂಬಲಕ್ಕೆ ಖಾರ್ಟೂಮ್‌ನಲ್ಲೂ ಜನ ಬೀದಿಗೆ ಬಂದರು. ಸೇನಾ ಸರ್ಕಾರದ ವಿರುದ್ಧ ಎದ್ದ ಮೊದಲ ದೊಡ್ಡ ಕೂಗುಗಳಲ್ಲಿ ಅದೂ ಒಂದು. ಹಳೇ ಬಾಗಲಕೋಟೆಯ ಓಣಿ ಬಿಟ್ಟು ನವನಗರಕ್ಕೆ ಬಂದ ಮನೆಯವರು ನಿಮ್ಮ ಬಳಗದಲ್ಲಿ ಇದ್ದೇ ಇರುತ್ತಾರೆ. ಮುಳುಗಡೆಯ ಪರಿಹಾರದಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದು ಅವರಿಗೆ ಗೊತ್ತು. ಅವರು ಮಾತಾಡಲಿ, ನೀವು ಬರೆದುಕೊಳ್ಳಿ.

ಹೆಸರುಗಳ ಗೊಂದಲ ಮೊದಲೇ ಬಿಡಿಸಿ

ಮೂರನೇ ಸಂಜೆಗೆ ಮುಂಚೆ ಒಂದು ಹಾಳೆಯಲ್ಲಿ ಹೆಸರು ಬರೆದು ಎಲ್ಲರಿಗೂ ಹಂಚಿ. ಇದು ಸಣ್ಣ ಕೆಲಸ ಅನ್ನಿಸಬಹುದು, ಆದರೆ ಇದು ಆಗದೆ ಮುಂದೆ ಹೋದರೆ ಅರ್ಧ ಜನ ದಾರಿ ತಪ್ಪುತ್ತಾರೆ. ಅಬ್ದುಲ್ ಖಾಲಿಕ್ ಮಹಜೂಬ್ 1949ರಿಂದ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ. ಮುಹಮ್ಮದ್ ಅಹ್ಮದ್ ಮಹಜೂಬ್ ಬೇರೆ ಮನುಷ್ಯ, ಉಮ್ಮಾ ಪಕ್ಷದವರು, 1965ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಿದಾಗ ಪ್ರಧಾನಿ ಆಗಿದ್ದವರು. ಜೋಸೆಫ್ ಗರಂಗ್ ದಕ್ಷಿಣ ಸೂಡಾನ್‌ನ ಕಮ್ಯುನಿಸ್ಟ್ ವಕೀಲ. ಜಾನ್ ಗರಂಗ್ 1983ರಿಂದ ದಕ್ಷಿಣದ ಸಶಸ್ತ್ರ ಹೋರಾಟ ನಡೆಸಿದವರು. ಒಬ್ಬೊಬ್ಬರ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ವಿಜಯಪುರ ಅಥವಾ ಬೆಳಗಾವಿಯಲ್ಲಿ ಅರಬ್ಬಿ ಓದಬಲ್ಲವರು ಸಿಗುತ್ತಾರೆ, ಒಬ್ಬರನ್ನು ಕೇಳಿ ಒಂದು ರೂಪ ಗಟ್ಟಿ ಮಾಡಿಕೊಳ್ಳಿ.

ಹಾಳೆಯ ಕೆಳಗೆ ಇನ್ನೆರಡು ಪಕ್ಷಗಳ ಹೆಸರೂ ಇರಲಿ. ಉಮ್ಮಾ ಪಕ್ಷದ ಹಿಂದೆ ಹತ್ತೊಂಬತ್ತನೇ ಶತಮಾನದ ಧರ್ಮನಾಯಕ ಮಹದಿಯ ಅನುಯಾಯಿಗಳಾದ ಅನ್ಸಾರ್‌ಗಳು, ಯೂನಿಯನಿಸ್ಟ್ ಪಕ್ಷದ ಹಿಂದೆ ಖತ್ಮಿಯ್ಯಾ ಸೂಫಿ ಪಂಥ. ಹಳ್ಳಿಯ ಮತ ಬಹುಪಾಲು ಈ ಎರಡು ಪಂಥಗಳನ್ನು ನಡೆಸುವ ಮನೆತನಗಳ ಕಡೆಗೆ ಹೋಗುತ್ತಿತ್ತು. ಕಾರ್ಮಿಕರಲ್ಲಿ ಅಷ್ಟು ಬಲ ಇದ್ದ ಪಕ್ಷ ಚುನಾವಣೆಯಲ್ಲಿ ಯಾಕೆ ಸೋಲುತ್ತಿತ್ತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಅದಕ್ಕೆ ಉತ್ತರ ಇದು.

ಮೂರನೇ ಸಂಜೆ: ಮತಪೆಟ್ಟಿಗೆ, ಬೀದಿ, ಕೋರ್ಟು

ನಮ್ಮವರಿಗೆ ಖುಷಿಯಾಗುವ ಒಂದು ವಿಷಯದಿಂದ ಶುರು ಮಾಡಿ. 1953ರಲ್ಲಿ ಸೂಡಾನ್‌ನ ಮೊದಲ ಸಂಸತ್ ಚುನಾವಣೆ ನಡೆಸಿಕೊಟ್ಟ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಭಾರತದ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಆ ಚುನಾವಣೆಯಲ್ಲಿ ಕಮ್ಯುನಿಸ್ಟರು ಸಾಮ್ರಾಜ್ಯಶಾಹಿ ವಿರೋಧಿ ರಂಗದ ಹೆಸರಿನಲ್ಲಿ ನಿಂತು ಪದವೀಧರರ ಕ್ಷೇತ್ರದಿಂದ ಒಂದು ಸ್ಥಾನ ಗೆದ್ದರು. ಸೂಡಾನ್ ಕಮ್ಯುನಿಸ್ಟ್ ಪಕ್ಷ ಅನ್ನುವ ಹೆಸರು 1956ರಲ್ಲಿ ಬಂತು. ಪಕ್ಷದ ಪತ್ರಿಕೆ ಅಲ್-ಮೈದಾನ್ 1954ರಲ್ಲೇ ಶುರುವಾಗಿತ್ತು.

1958ರ ನವೆಂಬರ್‌ನಲ್ಲಿ ಜನರಲ್ ಅಬ್ಬೂದ್ ಅಧಿಕಾರ ಹಿಡಿದ. ಪಕ್ಷಗಳೆಲ್ಲ ಬಂದ್. ಭೂಗತವಾಗಿ ಬದುಕಿ ಅಭ್ಯಾಸ ಇದ್ದ ಕಮ್ಯುನಿಸ್ಟರು ಈ ಆರು ವರ್ಷ ಯೂನಿಯನ್‌ಗಳನ್ನು ಉಳಿಸಿಕೊಂಡರು. 1964ರ ಅಕ್ಟೋಬರ್ 21ರಂದು ಖಾರ್ಟೂಮ್ ವಿಶ್ವವಿದ್ಯಾಲಯದಲ್ಲಿ ದಕ್ಷಿಣದ ಸಮಸ್ಯೆ (ಉತ್ತರದವರ ಆಡಳಿತದ ವಿರುದ್ಧ ದಕ್ಷಿಣ ಸೂಡಾನ್ ಜನರ ಬಂಡಾಯ) ಬಗ್ಗೆ ವಿದ್ಯಾರ್ಥಿಗಳು ಸಭೆ ಸೇರಿದ್ದಾಗ ಪೊಲೀಸರ ಗುಂಡಿಗೆ ಅಹ್ಮದ್ ಅಲ್-ಖುರಶಿ ಅನ್ನುವ ವಿದ್ಯಾರ್ಥಿ ಸತ್ತ. ವಕೀಲರು, ವೈದ್ಯರು, ನ್ಯಾಯಾಧೀಶರು, ರೈಲ್ವೆಯವರು, ಶಿಕ್ಷಕರು ಎಲ್ಲ ಕೆಲಸ ನಿಲ್ಲಿಸಿದರು. ಕೆಲವೇ ದಿನಕ್ಕೆ ಸೇನಾ ಮಂಡಳಿ ವಿಸರ್ಜನೆಯಾಯಿತು, ನವೆಂಬರ್‌ನಲ್ಲಿ ಅಬ್ಬೂದ್ ಕೆಳಗಿಳಿದ. ಬಂದೂಕಿಲ್ಲದೆ ಸೇನಾ ಸರ್ಕಾರ ಬಿದ್ದದ್ದು ಅರಬ್ ಜಗತ್ತಿನಲ್ಲಿ ಅಪರೂಪದ ಸಂಗತಿ, ಇದಕ್ಕೆ ಸಮಯ ಕೊಡಿ. ಹೊಸ ಮಂತ್ರಿಮಂಡಲದಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ಕೂತವರು ಶಫಿ ಅಹ್ಮದ್ ಅಲ್-ಶೇಖ್, ರೈಲ್ವೆ ಕಾರ್ಮಿಕರ ನಡುವಿಂದ ಬಂದ ಕಮ್ಯುನಿಸ್ಟ್.

ಆ ಕ್ರಾಂತಿಯಿಂದ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಬಂತು. 1965ರಲ್ಲಿ ಫಾತಿಮಾ ಅಹ್ಮದ್ ಇಬ್ರಾಹಿಂ ಸಂಸತ್ತಿಗೆ ಆರಿಸಿ ಬಂದ ಮೊದಲ ಸೂಡಾನ್ ಮಹಿಳೆಯಾದರು. 1952ರಲ್ಲಿ ಮಹಿಳಾ ಒಕ್ಕೂಟ ಕಟ್ಟಿದವರಲ್ಲಿ ಅವರು ಒಬ್ಬರು, ಮಹಿಳೆಯರ ಪತ್ರಿಕೆ ನಡೆಸಿದವರು, ಶಫಿಯವರ ಹೆಂಡತಿ. ಒಂದೇ ಕೆಲಸಕ್ಕೆ ಒಂದೇ ಸಂಬಳ, ಹೆರಿಗೆ ರಜೆ, ಹುಡುಗಿಯ ಒಪ್ಪಿಗೆ ಇಲ್ಲದೆ ಮದುವೆ ಬೇಡ, ಇವು ಅವರ ಬೇಡಿಕೆಗಳು. ಬಳಗದ ಹೆಣ್ಣುಮಕ್ಕಳಲ್ಲಿ ಯಾರಾದರೂ ಈ ಭಾಗವನ್ನು ಓದಿ ಹೇಳಲಿ. ಗಂಡಸರು ಹೇಳಿದರೆ ಫಾತಿಮಾ ಸುಮ್ನೆ ಶಫಿಯ ಹೆಂಡತಿಯಾಗಿ ಉಳಿದುಬಿಡುತ್ತಾರೆ, ಅದು ಸಲ್ಲದು.

ಮುಸ್ಲಿಂ ದೇಶದಲ್ಲಿ ಕಮ್ಯುನಿಸ್ಟ್ ಆಗುವುದು ಹೇಗೆ ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ತಪ್ಪಿಸಬೇಡಿ. ಪಕ್ಷ ಸೇರಲು ನಾಸ್ತಿಕರಾಗಬೇಕು ಅನ್ನುವ ಷರತ್ತು ಇರಲಿಲ್ಲ, ನಮಾಜು ಮಾಡುವ ಸದಸ್ಯರು ಇದ್ದರು. ಫಾತಿಮಾ ಸ್ವತಃ ಇಸ್ಲಾಂ ಹೆಣ್ಣಿನ ಹಕ್ಕಿಗೆ ಅಡ್ಡಿ ಅಲ್ಲ ಅಂತ ಬಹಿರಂಗವಾಗಿ ವಾದಿಸಿದವರು. ಆದರೂ ಪಕ್ಷದ ವಿರುದ್ಧ ಬಳಸಿದ್ದು ಧರ್ಮವನ್ನೇ. 1965ರ ಚುನಾವಣೆಯಲ್ಲಿ ಪದವೀಧರರ 15 ಸ್ಥಾನಗಳಲ್ಲಿ 11 ಕಮ್ಯುನಿಸ್ಟರು ಮತ್ತು ಅವರ ಬೆಂಬಲಿಗರಿಗೆ ಬಂದಿದ್ದವು. ಅದೇ ವರ್ಷ ಶಿಕ್ಷಕರ ತರಬೇತಿ ಸಂಸ್ಥೆಯೊಂದರ ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಪ್ರವಾದಿಯ ಮನೆಯವರನ್ನು ಅವಮಾನಿಸಿದ ಅನ್ನುವ ಗಲಾಟೆ ಎದ್ದಿತು. ಅದನ್ನೇ ಹಿಡಿದು ಸಂಸತ್ತು ಸಂವಿಧಾನ ತಿದ್ದಿ ಪಕ್ಷವನ್ನು ನಿಷೇಧಿಸಿತು, ಅದರ ಸದಸ್ಯರನ್ನು ಹೊರಹಾಕಿತು. ಪಕ್ಷ ಕೋರ್ಟಿಗೆ ಹೋಯಿತು. 1966ರ ಡಿಸೆಂಬರ್‌ನಲ್ಲಿ ಈ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಬಂತು. ಸರ್ಕಾರ ತೀರ್ಪನ್ನು ಪಾಲಿಸಲೇ ಇಲ್ಲ. ಮುಖ್ಯ ನ್ಯಾಯಾಧೀಶ ಬಾಬಿಕಿರ್ ಅವದಲ್ಲಾ ಇದಕ್ಕೆ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು.

ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಡಿ. ಮತ ಗೆದ್ದರೂ ಹೊರಗೆ, ಕೋರ್ಟಿನಲ್ಲಿ ಗೆದ್ದರೂ ಹೊರಗೆ. ಮುಂದೆ ಪಕ್ಷದ ಕೆಲವರು ಸೈನ್ಯದ ಕಡೆ ಯಾಕೆ ನೋಡಿದರು ಅನ್ನುವುದು ಇದು ಗೊತ್ತಿಲ್ಲದೆ ಅರ್ಥವಾಗುವುದಿಲ್ಲ.

ನಾಲ್ಕನೇ ಸಂಜೆ, ಈಗ 1971

ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಎಲ್ಲರೂ ಒಪ್ಪುವ ಸಂಗತಿ, ಬಲಕ್ಕೆ ಇನ್ನೂ ವಾದ ಇರುವ ಸಂಗತಿ.

ಎಡಕ್ಕೆ ಇವು ಬರುತ್ತವೆ. 1969ರ ಮೇ 25ರಂದು ಕರ್ನಲ್ ನಿಮೇರಿ ಅಧಿಕಾರ ಹಿಡಿದ. ಕಮ್ಯುನಿಸ್ಟರು ಕೆಲವರು ಮಂತ್ರಿಯಾದರು. ಜೋಸೆಫ್ ಗರಂಗ್ ದಕ್ಷಿಣದ ವ್ಯವಹಾರ ನೋಡಿಕೊಂಡರು, ದಕ್ಷಿಣಕ್ಕೆ ಸ್ವಾಯತ್ತೆ ಕೊಡುವ 1969ರ ಜೂನ್ 9ರ ಘೋಷಣೆಯ ಹಿಂದೆ ಅವರಿದ್ದರು. ಅಬ್ದುಲ್ ಖಾಲಿಕ್ ಮಾತ್ರ ಜನಚಳವಳಿಯ ಜಾಗದಲ್ಲಿ ಸೈನಿಕ ದಂಗೆಯನ್ನು ಕೂರಿಸಲು ಒಪ್ಪಲಿಲ್ಲ, ಪಕ್ಷವನ್ನು ಕರಗಿಸಿ ನಿಮೇರಿಯ ಜೊತೆ ಸೇರಿಸಲು ಬಿಡಲಿಲ್ಲ. 1970ರಲ್ಲಿ ಪಕ್ಷ ಒಡೆಯಿತು, ಒಂದು ಬಣ ನಿಮೇರಿಯ ಕಡೆ ಹೋಯಿತು. ಅದೇ ನವೆಂಬರ್‌ನಲ್ಲಿ ನಿಮೇರಿ ಹಾಶಿಮ್ ಅಲ್-ಅತಾ, ಬಾಬಿಕಿರ್ ಅಲ್-ನೂರ್, ಫಾರೂಕ್ ಹಮದಲ್ಲಾ ಎಂಬ ಮೂವರು ಅಧಿಕಾರಿಗಳನ್ನು ತೆಗೆದುಹಾಕಿದ. 1971ರ ಜುಲೈ 19ರಂದು ಹಾಶಿಮ್ ಅಲ್-ಅತಾ ದಂಗೆ ಎದ್ದು ನಿಮೇರಿಯನ್ನು ಬಂಧಿಸಿದ. ಲಂಡನ್‌ನಿಂದ ಹೊರಟಿದ್ದ ಬಾಬಿಕಿರ್, ಫಾರೂಕ್ ಇಬ್ಬರ ವಿಮಾನವನ್ನು ಲಿಬಿಯಾ ಬಲವಂತವಾಗಿ ಬೆಂಗಾಜಿಯಲ್ಲಿ ಇಳಿಸಿತು, ಅವರನ್ನು ಹಿಡಿದು ನಿಮೇರಿಗೆ ಒಪ್ಪಿಸಿತು. ಜುಲೈ 22ಕ್ಕೆ ನಿಮೇರಿ ವಾಪಸ್ ಬಂದ. ಈ ಮೂವರನ್ನೂ ಕೊಂದರು. ಶಫಿಯವರನ್ನು ಜುಲೈ 26ರಂದು, ಅಬ್ದುಲ್ ಖಾಲಿಕ್‌ರನ್ನು ಜುಲೈ 28ರಂದು ಗಲ್ಲಿಗೇರಿಸಿದರು. ಜೋಸೆಫ್ ಗರಂಗ್‌ಗೂ ಗಲ್ಲು.

ಬಲಕ್ಕೆ: ದಂಗೆಗೆ ಪಕ್ಷದ ನಿರ್ಧಾರ ಎಷ್ಟು ಕಾರಣ, ಅಧಿಕಾರಿಗಳ ಸ್ವಂತ ಆತುರ ಎಷ್ಟು ಕಾರಣ? ದಂಗೆಯವರು ಅತಿಥಿಗೃಹದಲ್ಲಿ ಬಂಧಿಸಿಟ್ಟಿದ್ದ, ನಿಮೇರಿ ಪರವಾದ ಅಧಿಕಾರಿಗಳನ್ನು ಕೊಂದವರು ಯಾರು? ಈ ಎರಡಕ್ಕೂ ಒಂದೊಂದು ಕಡೆಯವರು ಒಂದೊಂದು ಉತ್ತರ ಹೇಳುತ್ತಾರೆ. ಪಕ್ಷದ ಮೇಲೆ ಪ್ರೀತಿ ಇರುವವರು ಆ ಅಧಿಕಾರಿಗಳ ಸಾವನ್ನು ಬಿಟ್ಟು ಓದಬಾರದು, ಪಕ್ಷ ಕಂಡರೆ ಆಗದವರು ಆತುರದ ಸೇನಾ ವಿಚಾರಣೆಗಳನ್ನು ಬಿಟ್ಟು ಓದಬಾರದು. ನನ್ನ ಅಭಿಪ್ರಾಯ ಹೇಳುವುದಾದರೆ, ಯೂನಿಯನ್‌ಗಳಲ್ಲಿ ಬೆಳೆದ ಪಕ್ಷಕ್ಕೆ ಬ್ಯಾರಕ್ಕಿನ ದಾರಿ ಎಂದೂ ಹೊಂದುವುದಿಲ್ಲ ಅಂತ ಅಬ್ದುಲ್ ಖಾಲಿಕ್ 1969ರಲ್ಲಿ ಗುರುತಿಸಿದ್ದು ಸರಿ ಇತ್ತು.

ಉಳಿದದ್ದು

1971ಕ್ಕೆ ಪುಸ್ತಕ ಮುಚ್ಚಬೇಡಿ. ಮುಹಮ್ಮದ್ ಇಬ್ರಾಹಿಂ ನುಗುದ್ ಮುಂದಿನ ಕಾರ್ಯದರ್ಶಿಯಾದರು, ವರ್ಷಾನುಗಟ್ಟಲೆ ತಲೆಮರೆಸಿಕೊಂಡು ಪಕ್ಷ ನಡೆಸಿದರು, ಸೂಡಾನ್‌ನ ಗುಲಾಮಗಿರಿಯ ಚರಿತ್ರೆಯನ್ನೂ ಬರೆದರು. 1985ರ ಏಪ್ರಿಲ್‌ನಲ್ಲಿ ಜನ ಬೀದಿಗಿಳಿದು ನಿಮೇರಿಯನ್ನು ಇಳಿಸಿದಾಗ ಹೊರಬಂದರು. 1986ರ ಚುನಾವಣೆಯಲ್ಲಿ ಪಕ್ಷಕ್ಕೆ 3 ಸ್ಥಾನ. 1989ರಲ್ಲಿ ಸೇನಾಧಿಕಾರಿ ಒಮರ್ ಅಲ್-ಬಶೀರ್‌ನ ದಂಗೆ, ಮತ್ತೆ ಜೈಲು, ಮತ್ತೆ ಭೂಗತ. ಪಕ್ಷದ ನಾಲ್ಕನೇ ಮಹಾಸಭೆ 1967ರಲ್ಲಿ, ಐದನೆಯದು 2009ರಲ್ಲಿ. ನಡುವಿನ ಆ 42 ವರ್ಷದ ಖಾಲಿ ಜಾಗವೇ ಸಾಕಷ್ಟು ಹೇಳುತ್ತದೆ.

2018ರ ಡಿಸೆಂಬರ್ 19ರಂದು ರೊಟ್ಟಿಯ ಬೆಲೆ ಏರಿದ್ದಕ್ಕೆ ಅತ್ಬರಾದಲ್ಲಿ ಜನ ಎದ್ದರು. 2019ರ ಏಪ್ರಿಲ್ 11ರಂದು ಬಶೀರ್ ಬಿದ್ದ. ಏಪ್ರಿಲ್ 23ರಂದು ಅತ್ಬರಾದ ಜನ ರೈಲು ತುಂಬಿಕೊಂಡು ಖಾರ್ಟೂಮ್‌ನ ಧರಣಿಗೆ ಬಂದರು. ಆ ರೈಲಿನ ವಿಡಿಯೋ ಸುಲಭವಾಗಿ ಸಿಗುತ್ತದೆ, ಎಲ್ಲರಿಗೂ ತೋರಿಸಿ. ಸೈನ್ಯದ ಜೊತೆ ಅಧಿಕಾರ ಹಂಚಿಕೊಳ್ಳುವ ಒಪ್ಪಂದವನ್ನು ಪಕ್ಷ ಒಪ್ಪಲಿಲ್ಲ, 2020ರ ನವೆಂಬರ್‌ನಲ್ಲಿ ಬಶೀರ್ ವಿರುದ್ಧ ಕೂಡಿದ್ದ ಪಕ್ಷ-ಸಂಘಟನೆಗಳ ಮೈತ್ರಿಕೂಟದಿಂದಲೇ ಹೊರಬಂತು. 2021ರ ಅಕ್ಟೋಬರ್‌ನಲ್ಲಿ ಸೈನ್ಯ ಪೂರ್ತಿ ಅಧಿಕಾರ ಕಿತ್ತುಕೊಂಡಿತು. 2023ರ ಏಪ್ರಿಲ್ 15ರಿಂದ ಸೈನ್ಯ ಮತ್ತು ಅರೆಸೇನಾ ಪಡೆಯ ನಡುವೆ ಯುದ್ಧ. ಪಕ್ಷ ಹೊರಬಂದದ್ದು ಸರಿಯಾ, ಒಳಗೇ ಇದ್ದು ಜಗ್ಗಬೇಕಿತ್ತಾ? ಇಬ್ಬರಿಗೆ ಮೊದಲೇ ಹೇಳಿ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ತಯಾರಾಗಿ ಬರಲಿ. ಕೊನೆಯ ಸಂಜೆ ಪೂರ್ತಿ ಇದಕ್ಕೇ ಬಿಡಿ.

ಇದಾದ ಮೇಲೆ ಬಳಗದವರು ಇರಾಕ್ ಓದೋಣ ಅಂದರೆ ಅಲ್ಲೂ ಇದೇ ಕ್ರಮ ಹಿಡಿಯಿರಿ. 1949ರಲ್ಲಿ ಗಲ್ಲಿಗೇರಿದ ನಾಯಕ ಫಹದ್‌ನಿಂದ ಶುರು ಮಾಡದೆ, 1946ರ ಜುಲೈನಲ್ಲಿ ಕಿರ್ಕುಕ್‌ನ ತೈಲ ಕಾರ್ಮಿಕರು ಮುಷ್ಕರ ಹೂಡಿದ ಗಾವುರ್‌ಬಾಘಿಯ ತೋಟದಿಂದ ಶುರು ಮಾಡಿ.